ಹರಾಜು ತಾಣದಲ್ಲಿ ಕಳ್ಳ ಸಾಫ್ಟ್‌ವೇರ್ ಕಂಡರೆ ಯಾರಿಗೆ ಹೇಳಬೇಕು?

ನನ್ನ ಅಕ್ಕನ ಮಗ ಡಲ್ಲಾಸ್‌ನಲ್ಲಿದ್ದಾನೆ. ಒಂದು ರಾತ್ರಿ ಫೋನ್ ಮಾಡಿ, "ಮಾವ, ಆರು ತಿಂಗಳು ಚೆನ್ನಾಗೇ ಇತ್ತು, ಈಗ ವಿಂಡೋಸ್ ಆಕ್ಟಿವೇಟ್ ಮಾಡು ಅಂತ ಬರ್ತಿದೆ" ಅಂದ. ಆನ್‌ಲೈನ್ ಹರಾಜು ತಾಣವೊಂದರಲ್ಲಿ ಹನ್ನೆರಡು ಡಾಲರ್ ಕೊಟ್ಟು ಅದರ ಕೀ ತಗೊಂಡಿದ್ದನಂತೆ. ಮಾರಿದವನು ಮೆಸೇಜಿಗೆ ಉತ್ತರ ಕೊಡುತ್ತಿಲ್ಲ. ಅದೇ ಫೋಟೊ ಹಾಕಿಕೊಂಡು ಇನ್ನೂ ಮಾರುತ್ತಲೇ ಇದ್ದಾನೆ. "ಇವನ ಮೇಲೆ ಯಾರಿಗೆ ಹೇಳೋದು?" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಕೀ ಅಂದರೆ 25 ಅಕ್ಷರ, ಅಂಕಿಗಳ ಒಂದು ಸಾಲು. ಪೆಟ್ಟಿಗೆಯ ಬೀಗದ ಕೈ ಇದ್ದ ಹಾಗೆ. ಅದು ಎಂಥ ಕೀ ಎಂದು ನೀವೇ ನೋಡಬಹುದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆಯಿರಿ. ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಇಂಗ್ಲಿಷ್ ಅಕ್ಷರ ಒತ್ತಿ. ಒಂದು ಜಾಗ ಬಿಟ್ಟು ಓರೆಗೆರೆ ಹಾಕಿ ಡಿ, ಎಲ್, ಐ ಸೇರಿಸಿ ಎಂಟರ್ ಒತ್ತಿ. ಒಂದು ಪುಟ್ಟ ಚೌಕ ಬರುತ್ತದೆ. ಅದರಲ್ಲಿ 'ರೀಟೇಲ್' ಎಂದಿದ್ದರೆ ಅಂಗಡಿಯಲ್ಲಿ ಮಾರುವ ಬಗೆ. 'ಒಇಎಂ' ಎಂದಿದ್ದರೆ ಯಂತ್ರ ತಯಾರಿಸುವಾಗಲೇ ಹಾಕಿ ಕೊಟ್ಟದ್ದು. 'ವಾಲ್ಯೂಮ್' ಎಂದಿದ್ದರೆ ಕಂಪನಿಗೋ ಕಾಲೇಜಿಗೋ ಸಗಟಿನಲ್ಲಿ ಕೊಟ್ಟದ್ದು. ನಿಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಈ ಮೂರನೆಯದು ಕಂಡರೆ ಅನುಮಾನಪಡಿ.

ನಮ್ಮ ಹುಡುಗನ ಚೌಕದಲ್ಲಿ 'ವಾಲ್ಯೂಮ್' ಜೊತೆಗೆ 'ಕೆಎಂಎಸ್ ಕ್ಲೈಂಟ್' ಎಂದೂ ಇತ್ತು. ದೊಡ್ಡ ಕಚೇರಿಗಳು ಒಂದು ಸರ್ವರ್ ಇಟ್ಟುಕೊಂಡು ತಮ್ಮ ಯಂತ್ರಗಳಿಗೆಲ್ಲ ಅದರಿಂದಲೇ ಅನುಮತಿ ಕೊಡುವ ಏರ್ಪಾಡು ಇದು. ಒಮ್ಮೆ ಸಿಕ್ಕ ಅನುಮತಿ 180 ದಿನ ನಡೆಯುತ್ತದೆ. ಅಷ್ಟರೊಳಗೆ ಯಂತ್ರ ಮತ್ತೆ ಸರ್ವರನ್ನು ಮುಟ್ಟದಿದ್ದರೆ ಆಟ ಮುಗಿಯಿತು. ಆರು ತಿಂಗಳ ಲೆಕ್ಕ ಅಲ್ಲಿಂದ ಬಂದದ್ದು. ತಮಾಷೆ ಏನು ಗೊತ್ತೇ? ಕೆಎಂಎಸ್‌ಗೆ ಹಾಕುವ ಕೀಗಳನ್ನು ಮೈಕ್ರೊಸಾಫ್ಟೇ ತನ್ನ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿದೆ. ಪರವಾನಗಿ ಪಡೆದ ಸಂಸ್ಥೆಯ ಸರ್ವರ್ ಇಲ್ಲದಿದ್ದರೆ ಅವುಗಳಿಂದ ಪ್ರಯೋಜನವಿಲ್ಲ. ನಮ್ಮವನು ಹನ್ನೆರಡು ಡಾಲರ್ ಕೊಟ್ಟದ್ದು ಬಹುಶಃ ಅಂಥದ್ದೊಂದಕ್ಕೆ.

ಕಳ್ಳಮಾಲಿಗೆ ಬೇರೆ ವೇಷಗಳೂ ಇವೆ. ಖಾಲಿ ಡಿಸ್ಕಿಗೆ ಬರೆದು ಅಚ್ಚುಕಟ್ಟಾಗಿ ಲೇಬಲ್ ಅಂಟಿಸಿದ್ದು. ಗುಜರಿ ಕಂಪ್ಯೂಟರಿನಿಂದ ಕಿತ್ತ ಸ್ಟಿಕ್ಕರ್. ವಿದ್ಯಾರ್ಥಿಗಳಿಗೆಂದು ಕಡಿಮೆ ಬೆಲೆಗೆ ಕೊಟ್ಟದ್ದನ್ನು ಎಲ್ಲರಿಗೂ ಮಾರುವುದು. ಇವೆಲ್ಲಕ್ಕಿಂತ ಕೆಟ್ಟದ್ದು 'ಲೈಫ್‌ಟೈಮ್ ಆಫೀಸ್ 365' ಎಂಬ ಖಾತೆ. ಮೈಕ್ರೊಸಾಫ್ಟ್ 365 ತಿಂಗಳಿಗೋ ವರ್ಷಕ್ಕೋ ಚಂದಾ ಕಟ್ಟುವಂಥದ್ದು, ಅದರಲ್ಲಿ ಆಜೀವ ಎಂಬುದೇ ಇಲ್ಲ. ಮಾರುವವನು ತಾನೇ ಹೆಸರು, ಪಾಸ್‌ವರ್ಡ್ ಇಟ್ಟು ನಿಮಗೆ ಲಾಗಿನ್ ಕಳಿಸುತ್ತಾನೆ. ಆ ಖಾತೆಯ ಯಜಮಾನ ಇನ್ಯಾರೋ. ನೀವು ಅಲ್ಲಿ ಇಟ್ಟ ಆಧಾರ್ ಪ್ರತಿ, ಮಗಳ ಮದುವೆ ಫೋಟೊ ಎಲ್ಲ ಅವನ ಕೈಯಳತೆಯಲ್ಲೇ ಇರುತ್ತದೆ.

ಹಾಗೆಂದು ಅಗ್ಗವಾದದ್ದೆಲ್ಲ ಕಳವಲ್ಲ. ಲಿಬ್ರೆ ಆಫೀಸ್ ಪುಕ್ಕಟೆ ಸಿಗುವ ತಂತ್ರಾಂಶ. ಅದನ್ನು ಡಿಸ್ಕಿಗೆ ಹಾಕಿ ದುಡ್ಡಿಗೆ ಮಾರಲು ಅದರ ಪರವಾನಗಿಯೇ ಒಪ್ಪುತ್ತದೆ. ಅಂಥವರ ಮೇಲೆ ದೂರು ಕೊಡಬೇಡಿ.

ಇನ್ನು ದೂರಿನ ದಾರಿ. ಇಬೇಯನ್ನೇ ತೆಗೆದುಕೊಳ್ಳೋಣ, 1995ರಲ್ಲಿ ಶುರುವಾದ ಅಮೆರಿಕದ ಹರಾಜು ತಾಣ. ಅಲ್ಲಿನ ಮಾಲು ಇಬೇಯದಲ್ಲ. ಅದು ಜಾಗ ಕೊಡುತ್ತದೆ, ಮಾರುವವರು ಬೇರೆ. ಅಮೆರಿಕದಲ್ಲಿ 1998ರ ಡಿಎಂಸಿಎ ಕಾಯ್ದೆ ಇಂಥ ತಾಣಗಳಿಗೆ ಒಂದು ರಕ್ಷಣೆ ಕೊಟ್ಟಿತು: ಹಕ್ಕುದಾರ ನೋಟಿಸು ಕೊಟ್ಟರೆ ಆ ವಸ್ತುವನ್ನು ಬೇಗ ತೆಗೆಯಬೇಕು, ತೆಗೆದರೆ ತಾಣಕ್ಕೆ ಹೊಣೆಯಿಲ್ಲ. ನೋಟಿಸು ಕೊಡಲು ಇಬೇ ಮಾಡಿಟ್ಟ ಬಾಗಿಲಿನ ಹೆಸರು ವೆರೋ. ತಾನೇ ಹಕ್ಕುದಾರ ಎಂದು ದೃಢಪಡಿಸಿದ ಕಂಪನಿಗಳಷ್ಟೇ ಅದರೊಳಗೆ ಹೋಗಬಹುದು. ನೀವು, ನಾನು ಹೋಗುವಂತಿಲ್ಲ.

ನಮ್ಮ ಬಾಗಿಲು ಬೇರೆ. ಪ್ರತಿ ಲಿಸ್ಟಿಂಗಿನಲ್ಲಿ, ಅಂದರೆ ವಸ್ತುವಿನ ಮಾರಾಟದ ಪುಟದಲ್ಲಿ, ಈ ವಸ್ತುವಿನ ಬಗ್ಗೆ ದೂರು ಕೊಡಿ ಎಂಬ ಕೊಂಡಿ ಇರುತ್ತದೆ. ಅದನ್ನು ಒತ್ತಿ ನಕಲಿ ಅಥವಾ ಕಾಪಿರೈಟ್ ಸಂಬಂಧದ ಕಾರಣ ಆರಿಸಿಕೊಳ್ಳಿ. ಕಾಪಿರೈಟ್ ಅಂದರೆ ಕೃತಿಸ್ವಾಮ್ಯ.

ಒತ್ತುವ ಮುನ್ನ ಒಂದು ಕೆಲಸ ಮಾಡಿ. ಇದನ್ನು ತುಂಬ ಜನ ಮರೆಯುತ್ತಾರೆ. ಇಡೀ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಪುಟ ಒಮ್ಮೆ ಹೋಯಿತೆಂದರೆ ಸಾಕ್ಷ್ಯವೂ ಹೋದ ಹಾಗೆ. ಮಾರುವವನ ಜೊತೆ ಮೊದಲೇ ಜಗಳಕ್ಕೆ ನಿಂತರೆ ಅವನೇ ಪುಟ ಅಳಿಸಿಬಿಡುತ್ತಾನೆ.

ವಸ್ತುವಿನ ಸಂಖ್ಯೆಯಂತೂ ಬೇಕೇ ಬೇಕು. ಇಬೇಯಲ್ಲಿ ಅದು 12 ಅಂಕಿಯದು. "ನಿಮ್ಮಲ್ಲಿ ನಕಲಿ ಸಾಫ್ಟ್‌ವೇರ್ ಬಹಳ ಇದೆ" ಎಂದು ಬರೆದರೆ ಏನೂ ಆಗುವುದಿಲ್ಲ. ಒಡವೆ ಕಂಪನಿ ಟಿಫನಿ ನಕಲಿ ಆಭರಣದ ವಿಷಯದಲ್ಲಿ ಇಬೇ ಮೇಲೆ ಹೂಡಿದ್ದ ದಾವೆಯಲ್ಲಿ, 2010ರಲ್ಲಿ, ಅಮೆರಿಕದ ಮೇಲ್ಮನವಿ ನ್ಯಾಯಾಲಯ ಇದೇ ಅರ್ಥದ ತೀರ್ಪು ಕೊಟ್ಟಿತು. ತಾಣದಲ್ಲಿ ನಕಲಿ ಇದೆ ಎಂಬ ಸಾಮಾನ್ಯ ತಿಳಿವಳಿಕೆ ಸಾಲದು, ಇಂಥದ್ದೇ ಲಿಸ್ಟಿಂಗ್ ಎಂದು ಗೊತ್ತಾಗಬೇಕು. ಅದು ಟ್ರೇಡ್‌ಮಾರ್ಕಿನ, ಅಂದರೆ ವ್ಯಾಪಾರ ಮುದ್ರೆಯ ಮೊಕದ್ದಮೆ. ಆದರೂ ದೂರು ಬರೆಯುವವರಿಗೆ ಪಾಠ ಅದೇ.

ನಾನು ಹುಡುಗನಿಗೆ ಬರೆಸಿದ್ದು ಇಷ್ಟು: 'ವಸ್ತು ಸಂಖ್ಯೆ ಇಂಥದ್ದು. ಮಾರಾಟಗಾರನ ಐಡಿ ಇಂಥದ್ದು. ಇಂಥ ದಿನ ಕೊಂಡೆ. ವಿವರಣೆಯಲ್ಲಿ ರೀಟೇಲ್ ಎಂದಿದೆ. ಯಂತ್ರದಲ್ಲಿ ವಾಲ್ಯೂಮ್ ಎಂದು ತೋರಿಸುತ್ತಿದೆ. ಪೊಟ್ಟಣ ಬರಲಿಲ್ಲ, ಕೀ ಮೆಸೇಜಿನಲ್ಲಿ ಬಂತು. ಚಿತ್ರಗಳನ್ನು ಲಗತ್ತಿಸಿದೆ.' ಕಳ್ಳ, ಮೋಸಗಾರ ಎಂಬ ಮಾತು ಒಂದೂ ಇಲ್ಲ. ಕಂಡದ್ದನ್ನು ಬರೆದರೆ ಸಾಕು, ತೀರ್ಮಾನ ಅವರದ್ದು.

ಇದನ್ನೇ ಸಾಫ್ಟ್‌ವೇರ್ ಕಂಪನಿಗೂ ಕಳಿಸಿ, ಏಕೆಂದರೆ ವೆರೋ ಬಾಗಿಲು ತೆರೆಯುವುದು ಅವರಿಗೇ. ಮೈಕ್ರೊಸಾಫ್ಟ್ ತನ್ನ ತಾಣದಲ್ಲಿ ನಕಲಿ ಮಾಲಿನ ಬಗ್ಗೆ ದೂರು ತುಂಬುವ ಪುಟ ಇಟ್ಟಿದೆ. 1988ರಲ್ಲಿ ಹುಟ್ಟಿದ ಬಿಎಸ್‌ಎ ಎಂಬ ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವೂ ದೂರು ತೆಗೆದುಕೊಳ್ಳುತ್ತದೆ. ಬಿಎಸ್‌ಎ ಬಹುಮಾನ ಕೊಡುತ್ತದಂತಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಕಳ್ಳಪ್ರತಿ ಬಳಸುವ ಕಂಪನಿಗಳ ಬಗ್ಗೆ ಸುಳಿವು ಕೊಟ್ಟವರಿಗೆ ಇರುವ ಯೋಜನೆ. ಹನ್ನೆರಡು ಡಾಲರಿನ ಕೀಗೆ ಆಸೆ ಇಟ್ಟುಕೊಳ್ಳಬೇಡಿ. ದೂರಿಗೆ ಶುಲ್ಕವೂ ಇಲ್ಲ. ಯಾರಾದರೂ ಕೇಳಿದರೆ ಅದೇ ಇನ್ನೊಂದು ಮೋಸ.

ಕಂಪನಿ ಹೇಳಿದ್ದೇ ಸರಿಯೇ? ಇದು ಒಳ್ಳೆಯ ಪ್ರಶ್ನೆ. ಸಿಯಾಟಲ್‌ನ ತಿಮೋತಿ ವರ್ನರ್ ಎಂಬಾತ ಆಟೋಕ್ಯಾಡ್ ಎಂಬ ಸಾಫ್ಟ್‌ವೇರಿನ ಹಳೆಯ, ಅಸಲಿ ಪ್ರತಿಗಳನ್ನು ಇಬೇಯಲ್ಲಿ ಮಾರುತ್ತಿದ್ದ. ಆಟೋಡೆಸ್ಕ್ ಕಂಪನಿ ನೋಟಿಸಿನ ಮೇಲೆ ನೋಟಿಸು ಕೊಟ್ಟು ಅವನ್ನು ತೆಗೆಸಿತು. ಆತ ಕೋರ್ಟಿಗೆ ಹೋದ. ಕೆಳಗಿನ ನ್ಯಾಯಾಲಯ ಆತನ ಪರ ನಿಂತಿತು. 2010ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಿರುಗಿಸಿತು: ಅದು ಮಾರಿದ ವಸ್ತುವಲ್ಲ, ಪರವಾನಗಿ ಮೇಲೆ ಕೊಟ್ಟದ್ದು ಎಂದು. ಎರಡೇ ವರ್ಷಕ್ಕೆ, 2012ರಲ್ಲಿ, ಯುರೋಪಿನ ನ್ಯಾಯಾಲಯ ಯೂಸ್ಡ್‌ಸಾಫ್ಟ್ ಮೊಕದ್ದಮೆಯಲ್ಲಿ ಬೇರೆಯೇ ಹಾದಿ ಹಿಡಿಯಿತು. ಗಡುವಿಲ್ಲದ ಪರವಾನಗಿಯನ್ನು ಕೆಲವು ಷರತ್ತುಗಳ ಮೇಲೆ ಮರುಮಾರಾಟ ಮಾಡಬಹುದು ಎಂದಿತು. ಹಳೆಯ ಪುಸ್ತಕದ ಹಾಗೆ ಹಳೆಯ ಸಾಫ್ಟ್‌ವೇರನ್ನೂ ಮಾರಲು ಬಿಡಬೇಕು ಎಂಬುದೇ ನನ್ನ ಅಭಿಪ್ರಾಯ. ಅದಕ್ಕೇ ಸೆಕೆಂಡ್ ಹ್ಯಾಂಡ್ ಎಂದು ಒಪ್ಪಿಕೊಂಡು ಒಂದೇ ಒಂದು ಅಸಲಿ ಪೆಟ್ಟಿಗೆ ಮಾರುವವನ ಮೇಲೆ ನಾನಂತೂ ದೂರು ಬರೆಯುವುದಿಲ್ಲ.

ಊರಲ್ಲಿರುವವರ ವಿಷಯ. ಇಬೇಯ ಭಾರತದ ತಾಣ 2018ರಲ್ಲೇ ಮುಚ್ಚಿತು. ಇಲ್ಲಿನ ಯಾವುದೇ ಆನ್‌ಲೈನ್ ಮಾರುಕಟ್ಟೆಯಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳು ನಿಮ್ಮ ಕೈಯಲ್ಲಿವೆ. ತಾಣ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದುಡ್ಡು ಹೊಡೆದು ಮಾಯವಾಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930.

ಕೊಂಡವನು ನಾನೇ, ದೂರು ಕೊಟ್ಟರೆ ನನಗೇ ಕುತ್ತಲ್ಲವೇ? ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಕಳ್ಳಪ್ರತಿಯನ್ನು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸುವುದನ್ನು ಅಪರಾಧ ಎನ್ನುತ್ತದೆ. ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ. ವ್ಯಾಪಾರಕ್ಕಲ್ಲದ ಬಳಕೆಯಾದರೆ ಸೆರೆ ಬಿಟ್ಟು ದಂಡವನ್ನಷ್ಟೇ ಹಾಕಲು ಕೋರ್ಟಿಗೆ ಅವಕಾಶವಿದೆ. 'ಗೊತ್ತಿದ್ದೂ' ಎಂಬ ಪದ ನೋಡಿ. ಗೊತ್ತಾದ ದಿನವೇ ತೆಗೆದುಹಾಕಿ, ಆ ದಿನಾಂಕವನ್ನು ದೂರಿನಲ್ಲಿ ಬರೆಯಿರಿ. ಡಿಟಿಪಿ ಅಂಗಡಿ, ಲೆಕ್ಕಪತ್ರದ ಕಚೇರಿ ನಡೆಸುವವರು ಮೊದಲು ವಕೀಲರನ್ನು ಕೇಳುವುದು ಕ್ಷೇಮ.

ದೂರು ಕೊಟ್ಟ ಮೇಲೆ ಏನಾಯಿತೆಂದು ತಾಣದವರು ಬಹುತೇಕ ಹೇಳುವುದಿಲ್ಲ. ನಮ್ಮ ಹುಡುಗನಿಗೂ ಉತ್ತರ ಬರಲಿಲ್ಲ. ನಾಲ್ಕನೇ ದಿನ ನೋಡಿದರೆ ಪುಟ ಇರಲಿಲ್ಲ. ವಾರ ಕಳೆದ ಮೇಲೆ ಅದೇ ಫೋಟೊ, ಬೇರೆ ಹೆಸರು. ದೂರಿನ ಒಕ್ಕಣೆಯನ್ನು ಅವನು ಫೈಲ್ ಮಾಡಿ ಇಟ್ಟುಕೊಂಡಿದ್ದ. ವಸ್ತು ಸಂಖ್ಯೆ ಮತ್ತು ಐಡಿ ಬದಲಿಸಿದ, ತಾನು ಕೊಂಡ ಸಾಲುಗಳ ಜಾಗದಲ್ಲಿ ಹಳೆಯ ಲಿಸ್ಟಿಂಗಿನ ಸಂಖ್ಯೆ ಹಾಕಿ 'ಅದೇ ಚಿತ್ರ ಇಲ್ಲೂ ಇದೆ' ಎಂದು ಬರೆದು, ಮತ್ತೆ ಕಳಿಸಿದ.