ಬಚ್ಚಲ ನೀರಿಗೆ ಕಾಲು ಗುಂಟೆ ಕೈತೋಟ

ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಪಕ್ಕದ ಮಧುಗಿರಿ, ಅತ್ತ ಸಿರಾ, ಪಾವಗಡ ಎಲ್ಲವೂ ಮಳೆಯನ್ನೇ ನೆಚ್ಚಿದ ಸೀಮೆ. ರಾಗಿ, ಕಡಲೆಕಾಯಿ ಬೆಳೆಯುವ ರೈತನೇ ಸಂತೆಯ ದಿನ ಚೀಲ ಹಿಡಿದು ಹೋಗಿ ಬದನೆ, ಬೆಂಡೆ, ಕೊನೆಗೆ ಕೊತ್ತಂಬರಿ ಸೊಪ್ಪನ್ನೂ ದುಡ್ಡು ಕೊಟ್ಟು ತರುತ್ತಾನೆ. ಹಿತ್ತಲಲ್ಲೇ ಬೆಳೆಯಬಾರದೇ ಎಂದರೆ, ನೀರೆಲ್ಲಿದೆ ಎನ್ನುತ್ತಾನೆ.

ಉತ್ತರ ಸುಳ್ಳಲ್ಲ. ಕೊಳವೆಬಾವಿ ಬತ್ತಿ ತೋಟಗಳೇ ಒಣಗಿದ್ದನ್ನು ಕಂಡ ಜನ ಇವರು. ಆದರೆ ಬಚ್ಚಲಿನಿಂದ ದಿನವೂ ಚರಂಡಿಗೆ ಹೋಗುವ ನೀರನ್ನು ಅಳೆದವರು ಕಡಮೆ. ಐದು ಜನರ ಸಂಸಾರದಲ್ಲಿ ಸ್ನಾನ ಮಾಡಿದ, ಪಾತ್ರೆ ಬೆಳಗಿದ, ಬಟ್ಟೆ ಒಗೆದ ನೀರೆಲ್ಲ ಸೇರಿದರೆ ದಿನಕ್ಕೆ 100 ಲೀಟರಿಗೆ ಕಡಮೆಯಾಗದು. ಬೇಸಗೆಯಲ್ಲಿ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು. ಅಂದರೆ ಈ ನೀರಿಗೆ 20ರಿಂದ 25 ಚದರ ಮೀಟರ್, ಹೆಚ್ಚುಕಡಮೆ ಕಾಲು ಗುಂಟೆ. ಮಳೆಗಾಲದಲ್ಲಿ ಅರ್ಧ ಗುಂಟೆಗೆ ಹಿಗ್ಗಿಸಿ, ಸಂಕ್ರಾಂತಿ ಕಳೆದ ಮೇಲೆ ಮತ್ತೆ ಕಾಲು ಗುಂಟೆಗೆ ಇಳಿಸಬೇಕು. ಇದಕ್ಕಿಂತ ದೊಡ್ಡ ತೋಟದ ಆಸೆಪಟ್ಟವರು ಶಿವರಾತ್ರಿಯ ಹೊತ್ತಿಗೆ ಒಣಗಿದ ಗಿಡ ನೋಡಿ ಬೇಸರಪಟ್ಟುಕೊಳ್ಳುತ್ತಾರೆ.

ಸೋಪಿನ ನೀರನ್ನು ಸೊಪ್ಪಿನ ಮಡಿಗೆ ಬಿಡಕೂಡದು. ಅದು ಬಾಳೆ, ನುಗ್ಗೆ, ಪರಂಗಿಯ ಬುಡಕ್ಕೆ ಹೋಗಲಿ. ಬಚ್ಚಲ ಬಾಯಲ್ಲಿ ಜಲ್ಲಿ, ಮರಳು ತುಂಬಿದ ಚಿಕ್ಕ ಗುಂಡಿ ಮಾಡಿದರೆ ಕೊಳೆ ಅಲ್ಲೇ ನಿಲ್ಲುತ್ತದೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಮಾತ್ರ ಸೊಪ್ಪಿಗೆ. ಪಾತ್ರೆಯನ್ನು ಬೂದಿ, ತೆಂಗಿನ ನಾರಿನಿಂದ ಬೆಳಗುವ ಮನೆಯಲ್ಲಿ ಆ ನೀರು ಬದನೆ, ಮೆಣಸಿನಗಿಡಕ್ಕೂ ಆದೀತು. ಕೊಟ್ಟಿಗೆ ಗೊಬ್ಬರ ಹಾಕಿ ಮೇಲೆ ಒಣ ತರಗು, ಕಡಲೆಕಾಯಿ ಸಿಪ್ಪೆ ಹೊದಿಸಿದರೆ ನಮ್ಮ ಕೆಂಪು ಮರಳು ಭೂಮಿಯಲ್ಲೂ ತೇವ ಬೇಗ ಆರದು.

ಹೆಚ್ಚಿನವರು ಎಡವುವುದು ಬಿತ್ತನೆಯಲ್ಲಿ. ಪೊಟ್ಟಣದ ಬೀಜವನ್ನೆಲ್ಲ ಒಂದೇ ದಿನ ಚೆಲ್ಲಿದರೆ ಮೆಂತ್ಯ, ದಂಟು ಎಲ್ಲ ಒಂದೇ ವಾರ ಕೊಯ್ಲಿಗೆ ಬರುತ್ತವೆ. ತಿನ್ನಲಾಗದೆ ದನಕ್ಕೆ ಹಾಕಿ, ಮುಂದಿನ ವಾರ ಮತ್ತೆ ಸಂತೆಗೆ ಹೋಗಬೇಕು. ಮಡಿಯನ್ನು ನಾಲ್ಕು ಪಾಲು ಮಾಡಿ ಹತ್ತು ದಿನಕ್ಕೊಂದು ಪಾಲು ಬಿತ್ತಿರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಸುಗುಣ' ದಂಟು ಬಿತ್ತಿದ 25-30 ದಿನಕ್ಕೆ ಮೊದಲ ಕೊಯ್ಲಿಗೆ ಬಂದು, ಮತ್ತೆ ಮತ್ತೆ ಚಿಗುರುವ ತಳಿ. ಬೇಲಿಗೆ ಅವರೆ, ಹೀರೆ, ಹಾಗಲ ಹಬ್ಬಿಸಿದರೆ ಮಡಿಯ ಜಾಗ ಉಳಿಯುತ್ತದೆ. ಬೇಲಿ ಮಾತ್ರ ಭದ್ರವಾಗಿರಲಿ. ಆಡು ಒಮ್ಮೆ ನುಗ್ಗಿದರೆ ಮೂರು ತಿಂಗಳ ಶ್ರಮ ಅರ್ಧ ಗಂಟೆಯಲ್ಲಿ ಮುಗಿಯಿತು!

ಹೇನು, ಹುಳುವಿಗೆ ಅಂಗಡಿ ಔಷಧಿ ಬೇಡ. ಬೇವಿನ ಬೀಜದ ಪುಡಿ 50 ಗ್ರಾಂ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಸಂಜೆ ಹೊತ್ತು ಸಿಂಪಡಿಸಿರಿ.

ಇನ್ನು ಲೆಕ್ಕ. ಒಬ್ಬರಿಗೆ ದಿನಕ್ಕೆ 300 ಗ್ರಾಂ ತರಕಾರಿ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2011ರ ಕೈಪಿಡಿಯಲ್ಲಿ ಹೇಳಿತ್ತು. ಐವರಿಗೆ ಒಂದೂವರೆ ಕಿಲೋ ಆಯಿತು. ಕಾಲು ಗುಂಟೆ ಅಷ್ಟನ್ನೂ ಕೊಡಲಾರದು. ಆದರೆ ಸೊಪ್ಪು, ಮೆಣಸಿನಕಾಯಿ, ಕರಿಬೇವು, ನುಗ್ಗೆಯ ಖರ್ಚು ನಿಲ್ಲುತ್ತದೆ. ವಾರಕ್ಕೆ ನೂರು ರೂಪಾಯಿ ಉಳಿದರೂ ವರ್ಷಕ್ಕೆ 5,200. ಮಾರಿ ಬರುವುದಕ್ಕಿಂತ ಕೊಳ್ಳದೆ ಉಳಿಯುವುದೇ ಇಲ್ಲಿ ದೊಡ್ಡ ಬಾಬತ್ತು.

ಮಾರಬೇಕಾದದ್ದು ಮನೆಗೆ ಆಗಿ ಮಿಕ್ಕಿದ್ದು ಮಾತ್ರ. ಒಂದೆರಡು ನುಗ್ಗೆಮರ ಫಸಲು ಬಿಟ್ಟಾಗ ಮನೆಯವರಿಗೆ ತಿಂದು ತೀರದು. ಬೆಳಿಗ್ಗೆ ಕಿತ್ತ ಸೊಪ್ಪನ್ನು ಊರೊಳಗೇ ಕಟ್ಟು ಕಟ್ಟಿ ಕೊಡಬಹುದು, ಬಸ್ ಚಾರ್ಜಿಲ್ಲ, ದಲ್ಲಾಳಿಯಿಲ್ಲ. ಆ ಹಣ ಗಿಡಕ್ಕೆ ನೀರು ಹೊತ್ತವಳ ಕೈಗೇ ಸೇರಲಿ. ದುಡ್ಡಿನಾಸೆಗೆ ಮಡಿತುಂಬ ಟೊಮೇಟೊ ನೆಡುವುದು ಮಾತ್ರ ಬೇಡ. 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದ ಹಣ್ಣು ಸೆಪ್ಟೆಂಬರಿಗೆ ಕೇಳುವವರಿಲ್ಲದೆ ಬಿದ್ದಿತ್ತು. ನಾಲ್ಕೇ ಗಿಡ ನೆಟ್ಟ ಮನೆಯವರಿಗೆ ಎರಡು ತಿಂಗಳೂ ಸಾರಿಗೆ ಹುಳಿ ಇತ್ತು.

ಬೀಜ, ಸಸಿ ಬೇಕಾದವರು ತುಮಕೂರು ಬಳಿಯ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಅವರೆ, ಹೀರೆ, ಬೆಂಡೆಯ ಬೀಜವನ್ನಂತೂ ಒಂದೊಂದು ಒಳ್ಳೆಯ ಕಾಯನ್ನು ಗಿಡದಲ್ಲೇ ಒಣಗಲು ಬಿಟ್ಟು, ಬೂದಿ ಬೆರೆಸಿ ಮನೆಯಲ್ಲೇ ಇಟ್ಟುಕೊಳ್ಳಿರಿ.