ಕಿವಿಗೊಂದು ಅಚ್ಚು

ಶ್ರವಣ ಸಾಧನ ತಯಾರಿಸುವ ಕಂಪನಿ ಎಂದರೆ ಚಿಪ್ ವಿನ್ಯಾಸಕರ ಜಾಗ ಎಂಬ ಕಲ್ಪನೆ ಸಾಮಾನ್ಯ. ಚಿಪ್ ಮುಖ್ಯವೇ. ಆದರೆ ಅದು ಸಾವಿರಗಟ್ಟಲೆ ಒಂದೇ ಬಗೆಯಲ್ಲಿ ತಯಾರಾಗುತ್ತದೆ, ಕಿವಿಗಳು ಹಾಗಲ್ಲ. ಒಬ್ಬರದೇ ಎಡಗಿವಿ, ಬಲಗಿವಿಗಳ ನಾಳ ಕೂಡ ಒಂದೇ ಥರ ತಿರುಗುವುದಿಲ್ಲ. ಹಾಗಾಗಿ ಈ ಉದ್ಯಮದ ಸೂಕ್ಷ್ಮ ಕೆಲಸವೆಲ್ಲ ನಡೆಯುವುದು ಅಚ್ಚಿನ ವಿಭಾಗದಲ್ಲಿ. ಆಡಿಯಾಲಜಿಸ್ಟ್ ಕಿವಿಗೆ ಸಿಲಿಕೋನ್ ತುಂಬಿ ತೆಗೆದ ಅಚ್ಚು ಇಲ್ಲಿಗೆ ಬರುತ್ತದೆ. ಮೊದಲು ಅದನ್ನು ಚಾಕುವಿನಿಂದ ಕೆತ್ತಿ, ಮೇಣದಲ್ಲಿ ಅದ್ದಿ ತಿದ್ದುತ್ತಿದ್ದರು. ಈಗ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ತಿದ್ದಿ, ರಾಳದಲ್ಲಿ 3ಡಿ ಮುದ್ರಿಸುತ್ತಾರೆ. ಬಲಗಿವಿಗೆ ಕೆಂಪು ಗುರುತು, ಎಡಗಿವಿಗೆ ನೀಲಿ. ಆಮೇಲೆ ಸೂಕ್ಷ್ಮದರ್ಶಕದಡಿ ಕೈಯಿಂದಲೇ ತಂತಿ ಬೆಸೆದು, ಮುಚ್ಚಳ ಅಂಟಿಸಿ, ಉಜ್ಜಿ ನುಣುಪು ಮಾಡಬೇಕು. ಬೋಟ್ಸ್ವಾನಾದ ಓಟ್ಸೆ ಎಂಬ ಊರಿನ ಗೊಡಿಸಾ ಸಂಸ್ಥೆ ಸೌರಶಕ್ತಿಯ ಶ್ರವಣ ಸಾಧನಗಳ ಬೆಸುಗೆಗೆ ಕಿವುಡರನ್ನೇ ನೇಮಿಸಿತ್ತು. ಅಷ್ಟರಮಟ್ಟಿಗೆ ಇದು ಕೈಯ ಕಸುಬು.

ಮುದ್ರಣಯಂತ್ರ ಬಂದ ಮೇಲೆ ಕಸುಬಿಗೇನು ಕೆಲಸ ಎಂದು ಕೇಳಬಹುದು. ಯಂತ್ರ ಮುದ್ರಿಸುತ್ತದೆ, ನಿರ್ಧರಿಸುವುದಿಲ್ಲ. ಅಚ್ಚು ಸಡಿಲವಾದರೆ ವರ್ಧಿತ ಧ್ವನಿ ಸೋರಿ ಮೈಕ್ರೊಫೋನಿಗೇ ಮರಳಿ ಕಿರ್ರೆಂದು ಸಿಳ್ಳೆ ಹಾಕುತ್ತದೆ. ಬಿಗಿಯಾದರೆ ಕಿವಿ ನೋಯುತ್ತದೆ, ತನ್ನ ಮಾತೇ ಕೊಡದೊಳಗಿಂದ ಕೇಳಿದಂತಾಗುತ್ತದೆ. ಗಾಳಿಗೆಂದು ಇಡುವ ರಂಧ್ರ ಎಷ್ಟು ದೊಡ್ಡದಿರಬೇಕು ಎಂಬುದು ಈ ಎರಡು ಕಾಟಗಳ ನಡುವಿನ ರಾಜಿ. ಸಿಳ್ಳೆಯನ್ನು ಅಡಗಿಸುವ ಸಾಫ್ಟ್‌ವೇರ್ ಈಗ ಚಿಪ್‌ನಲ್ಲೇ ಇದೆ, ನಿಜ. ಆದರೆ ತೀವ್ರ ಕಿವುಡಿಗೆ ಧ್ವನಿಯನ್ನು ಬಹಳ ಏರಿಸಬೇಕಾದಾಗ ಅದರ ಸಾಮರ್ಥ್ಯಕ್ಕೂ ಮಿತಿಯಿದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ಕಿವಿಯ ಹಿಂದೆ ಕೂರುವ ಸಾಧನಗಳಲ್ಲಿ ಅನೇಕಕ್ಕೆ ಈಗ ಸಿದ್ಧ ಸಿಲಿಕೋನ್ ತುದಿಯೇ ಸಾಕು. ಅಮೆರಿಕದಲ್ಲಿ 2022ರಿಂದ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲೇ ಸಾಧನ ಕೊಳ್ಳಬಹುದು. 2024ರಲ್ಲಿ ಆ್ಯಪಲ್‌ನ ಇಯರ್‌ಬಡ್ಡನ್ನು ಶ್ರವಣ ಸಾಧನವಾಗಿಸುವ ತಂತ್ರಾಂಶಕ್ಕೂ ಅನುಮತಿ ಸಿಕ್ಕಿತು. ಸೌಮ್ಯ ದೋಷವಿರುವ ವಯಸ್ಕರ ಮಟ್ಟಿಗೆ ಇದು ಒಳ್ಳೆಯದೇ, ಬೆಲೆಯೂ ಇಳಿದೀತು. ಆದರೆ ಆ ಅನುಮತಿ 18 ದಾಟಿದವರಿಗೆ, ಅದೂ ಸೌಮ್ಯ ಅಥವಾ ಮಧ್ಯಮ ದೋಷಕ್ಕೆ ಮಾತ್ರ. ಮಗುವಿನ ಕಿವಿ ಬೆಳೆಯುತ್ತಲೇ ಇರುತ್ತದೆ. ಇಂದು ಸರಿಕೂತ ಅಚ್ಚು ಕೆಲವೇ ತಿಂಗಳಲ್ಲಿ ಸಡಿಲವಾಗಿ ಸಿಳ್ಳೆ ಹಾಕತೊಡಗುತ್ತದೆ, ಮಗು ಯಂತ್ರವನ್ನೇ ಕಿತ್ತೆಸೆಯುತ್ತದೆ.

ರಿಪೇರಿಯ ಮೇಜನ್ನು ನೋಡಿದರೂ ಇದೇ ಸತ್ಯ ಕಾಣುತ್ತದೆ. 'ಕೆಟ್ಟಿದೆ' ಎಂದು ಮರಳಿ ಬರುವ ಸಾಧನಗಳಲ್ಲಿ ಎಷ್ಟೋ ಸಲ ಕೆಟ್ಟದ್ದು ಚಿಪ್ ಅಲ್ಲ. ಧ್ವನಿ ಹೊರಡಿಸುವ ರಿಸೀವರಿನ ಬಾಯಿಗೆ ಗುಗ್ಗೆ ಕಟ್ಟಿರುತ್ತದೆ, ಇಲ್ಲವೇ ಬೆವರು ಒಳಹೊಕ್ಕಿರುತ್ತದೆ. ಕೇಳುವ ತೊಂದರೆಗೆ ಆರೈಕೆ ಬೇಕಾದವರು ಜಗತ್ತಿನಲ್ಲಿ 43 ಕೋಟಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ. ಅಷ್ಟು ಜನಕ್ಕೆ ಯಂತ್ರ ಅಗ್ಗವಾದರೆ ಸಾಲದು. ಅಚ್ಚು ತೆಗೆಯುವ, ತಿದ್ದುವ, ಗುಗ್ಗೆ ತೆಗೆದುಕೊಡುವ ಕೈಗಳೂ ಹತ್ತಿರವೇ ಇರಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯೂ ಅಚ್ಚೂ ಒಂದೇ ಆವರಣದಲ್ಲಿ ಸಿಗುತ್ತವೆ. ಬೀದರ್‌ನಿಂದ ಮೈಸೂರು ಎಷ್ಟು ದೂರವೆಂದು ಮಗುವಿನ ತಾಯಿಯನ್ನು ಕೇಳಬೇಕು.