ದೇಣಿಗೆಗೆ ಬಂದವರೂ ನಮ್ಮ ಅತಿಥಿಗಳೇ

ಗಣೇಶೋತ್ಸವ, ನವರಾತ್ರಿ ಅಥವಾ ಸಂಘದ ವಾರ್ಷಿಕೋತ್ಸವ ಸಮೀಪಿಸಿತೆಂದರೆ ವಿಕ್ರೋಳಿಯ ಕಟ್ಟಡಗಳಲ್ಲಿ ರಶೀದಿ ಪುಸ್ತಕ ಹಿಡಿದವರ ಓಡಾಟ ಆರಂಭವಾಗುತ್ತದೆ. ಅವರನ್ನು ಕಂಡೊಡನೆ ಮುಖ ಸಿಂಡರಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ನಾವೂ ಹಾಗೆಯೇ ಇದ್ದೆವು. ಬಹಳ ವರ್ಷಗಳ ಹಿಂದೆ ಒಂದು ಭಾನುವಾರ, ರಾತ್ರಿಶಾಲೆಯ ಮಕ್ಕಳ ಪುಸ್ತಕಗಳಿಗಾಗಿ ಹಿರಿಯರೊಬ್ಬರು ನಾಲ್ಕು ಮಹಡಿ ಹತ್ತಿ ನಮ್ಮ ಮನೆಗೆ ಬಂದರು. ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಊಟ ಮುಗಿಸಿ, ಐವತ್ತು ರೂಪಾಯಿ ಕೊಟ್ಟು ಕಳುಹಿಸಿದೆವು. ಅವರು ಹಗಲು ಹೋಟೇಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲೇ ಅಕ್ಷರ ಕಲಿತವರೆಂದು ಆಮೇಲೆ ತಿಳಿಯಿತು. ಅವರು ಮತ್ತೆಂದೂ ನಮ್ಮ ಮನೆಗೆ ಬರಲಿಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಇಂತಹವರ ಕಾಲ್ನಡಿಗೆಯಿಂದ ಉಳಿದುವೆಂಬುದನ್ನು ನಾವು ಮರೆತಿದ್ದೆವು.

ಈ ವಿಷಯದಲ್ಲಿ ಯೆಹೂದಿ ಸಮಾಜದ ಸಂಪ್ರದಾಯ ಗಮನಾರ್ಹವಾದುದು. ಯೆಹೂದಿಗಳು ಮುಂಬಯಿಗೆ ಹೊಸಬರಲ್ಲ. ಕೊಂಕಣ ಕರಾವಳಿಯಿಂದ ಬಂದ ಬೆನೆ ಇಸ್ರೇಲ್ ಸಮುದಾಯದವರ ಪ್ರಾರ್ಥನಾ ಮಂದಿರವೊಂದು 1796ರಷ್ಟು ಹಿಂದೆಯೇ ಮಾಂಡವಿಯಲ್ಲಿ ಸ್ಥಾಪನೆಗೊಂಡಿತು. ಅದನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಅವರು ಟಿಪ್ಪು ಸುಲ್ತಾನನ ಸೆರೆಯಿಂದ ಬಿಡುಗಡೆ ಹೊಂದಿ ಬಂದವರು.

ಯೆಹೂದಿಗಳ ಧರ್ಮಗ್ರಂಥವಾದ ತಾಲ್ಮುಡ್, ದಾನ ನೀಡುವವನಿಗಿಂತ ಇತರರಿಂದ ದಾನ ಮಾಡಿಸುವವನು ದೊಡ್ಡವನೆಂದು ಹೇಳುತ್ತದೆ. ನಿಧಿ ಸಂಗ್ರಾಹಕರನ್ನು ನಕ್ಷತ್ರಗಳಿಗೆ ಹೋಲಿಸುತ್ತದೆ. ಇಂತಹ ಸಂಗ್ರಾಹಕನನ್ನು ಅವರು 'ಗಬ್ಬಾಯಿ' ಎನ್ನುತ್ತಾರೆ. ಆದರೆ ಗೌರವದೊಡನೆ ಕಟ್ಟುಪಾಡುಗಳೂ ಇವೆ. ದೇಣಿಗೆ ಎತ್ತಲು ಇಬ್ಬರು ಕೂಡಿಯೇ ಹೋಗಬೇಕು, ಹಂಚಲು ಮೂವರಿರಬೇಕು. ಸಂಗ್ರಹವಾದ ಚಿಲ್ಲರೆಯನ್ನು ಬದಲಾಯಿಸುವಾಗ ತಮ್ಮ ಸ್ವಂತ ಹಣದೊಡನೆ ಬದಲಾಯಿಸದೆ ಬೇರೆಯವರಲ್ಲಿ ಬದಲಾಯಿಸಿಕೊಳ್ಳಬೇಕು. ದಶಕಗಳ ಕಾಲ ಬ್ಯಾಂಕಿನಲ್ಲಿ ನೋಟು ಎಣಿಸಿದ ನಮಗೆ ಈ ನಿಯಮದ ಮರ್ಮ ಸುಲಭವಾಗಿ ಅರ್ಥವಾಗುತ್ತದೆ. ಪ್ರಾಮಾಣಿಕನ ಮೇಲೂ ಸಂಶಯದ ನೆರಳು ಬೀಳದಂತೆ ಕಾಯುವ ವ್ಯವಸ್ಥೆಯಿದು. ಹನ್ನೆರಡನೇ ಶತಮಾನದ ಯೆಹೂದಿ ವಿದ್ವಾಂಸ ಮೈಮೊನಿಡಿಸ್, ಮುಖ ಗಂಟಿಕ್ಕಿ ಕೊಟ್ಟವನು ಎಷ್ಟೇ ಹೊನ್ನು ಕೊಟ್ಟರೂ ಪುಣ್ಯ ಕಳೆದುಕೊಳ್ಳುತ್ತಾನೆಂದೂ, ಕೊಡಲು ಏನೂ ಇಲ್ಲದವನು ಒಳ್ಳೆಯ ಮಾತನ್ನಾದರೂ ಆಡಬೇಕೆಂದೂ ವಿಧಿಸಿದ್ದಾನೆ.

ನಮ್ಮ ನಾಡಿಗೂ ಈ ಭಾವನೆ ಅಪರಿಚಿತವಲ್ಲ. ಹರಿದಾಸರ ಗೋಪಾಳಬುಟ್ಟಿಗೆ ಅಕ್ಕಿ ಹಾಕಿದ ಗೃಹಿಣಿ ನಮಸ್ಕರಿಸಿಯೇ ಒಳಹೋಗುತ್ತಿದ್ದಳು. 2019ರಲ್ಲಿ ಲಿಂಗೈಕ್ಯರಾದ ತುಮಕೂರಿನ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಮಠದ ವಿದ್ಯಾರ್ಥಿಗಳ ಅನ್ನಕ್ಕಾಗಿ ಹಳ್ಳಿಹಳ್ಳಿ ತಿರುಗಿ ಭಿಕ್ಷೆ ಬೇಡಿದವರು. ಪರರಿಗಾಗಿ ಚಾಚಿದ ಕೈ ಎಂದೂ ಕೀಳಲ್ಲ.

ಹಾಗೆಂದು ಕೇಳಿದವರಿಗೆಲ್ಲ ಕೊಡಬೇಕೆಂದಲ್ಲ. ರಶೀದಿ ಕೇಳುವುದು, ಸಂಸ್ಥೆಯ ಲೆಕ್ಕಪತ್ರ ವಿಚಾರಿಸುವುದು ಅವಮಾನವಲ್ಲ; ಅದು ದಾನಿಯ ಹಕ್ಕು, ಸಂಗ್ರಾಹಕನಿಗೂ ರಕ್ಷೆ. ಆದರೆ 'ಮುಂದಿನ ವಾರ ಬನ್ನಿ' ಎಂದು ತಿಂಗಳುಗಟ್ಟಲೆ ಅಲೆಸುವುದಕ್ಕಿಂತ 'ಈ ಬಾರಿ ಸಾಧ್ಯವಿಲ್ಲ, ಕ್ಷಮಿಸಿ' ಎಂಬ ಒಂದು ಮಾತು ಲೇಸು. ಬಂದವರು ತಮ್ಮ ಮನೆಗಾಗಿ ಬಂದವರಲ್ಲ. ಕಚೇರಿ ಕೆಲಸ ಮುಗಿಸಿ, ಲೋಕಲ್ ರೈಲಿನ ನೂಕುನುಗ್ಗಲು ದಾಟಿ ಬಂದವರು. ಇಂದು ಅವರನ್ನು ಹೀಯಾಳಿಸಿದರೆ ನಾಳೆ ಸಂಘದ ಕೆಲಸಕ್ಕೆ ಯಾವ ಯುವಕ ಮುಂದೆ ಬಂದಾನು?

ಆದುದರಿಂದ ಬಾಗಿಲು ತೆರೆಯೋಣ. ಮೊದಲು ಕುಳ್ಳಿರಿಸಿ ಒಂದು ಲೋಟ ನೀರು ಕೊಡೋಣ. ದೇಣಿಗೆಯ ಮಾತು ಆಮೇಲೆ.